ಸುಕ್ಕಿಲ್ಲದ ಮುಖ

ಮಥುರಾಬಾಯಿಯ ಹಣೆಯ ಗೆರೆಗಳು ಮಾಯವಾಗಿವೆ ಎಂಬುದನ್ನು ಮೊದಲು ಕಂಡುಹಿಡಿದವರು ಕಲಬುರಗಿಯ ಗಾಜಿಪುರದ ಹಿಂದಿನ ಓಣಿಯ ಇಂದೂಬಾಯಿ. 1996ರ ಶ್ರಾವಣದಲ್ಲಿ, ಅರಿಶಿನ ಕುಂಕುಮಕ್ಕೆ ಬಂದಾಗ. ಮಥುರಾಬಾಯಿಗೆ ಆಗ ನಲವತ್ತೇಳು. ಇಂದೂಬಾಯಿ ಮೂರು ವರ್ಷಕ್ಕೆ ಚಿಕ್ಕವರು, ಅವರ ಹಣೆಯಲ್ಲಿ ಆಗಲೇ ಮೂರು ಗೆರೆಗಳಿದ್ದವು.

“ವೈನಿ, ಮುಖಕ್ಕ ಏನು ಹಚ್ಕೋತೀರಿ?”

“ಒಲಿ ಹೊಗಿ,” ಎಂದರು ಮಥುರಾಬಾಯಿ.

ಇಂದೂಬಾಯಿ ಅದನ್ನು ವಿನಯ ಎಂದುಕೊಂಡರು. ಸಂಜೆಯೊಳಗೆ ಓಣಿಯ ಎಂಟು ಮನೆಗಳಿಗೆ ಸುದ್ದಿ ತಲುಪಿತು.

ಕಾರಣವನ್ನು ಒದಗಿಸಿದವರು ಗಂಡ ಬಂಡೂರಾವ. ನೀರಾವರಿ ಇಲಾಖೆಯಲ್ಲಿ ಪ್ರಥಮ ದರ್ಜೆ ಗುಮಾಸ್ತರಾಗಿದ್ದ ಅವರು ಆ ವರ್ಷದ ಬೇಸಿಗೆಯಲ್ಲಿ ರಜೆ ಹಾಕಿ ಓಣಿಯ ಮಠದಲ್ಲಿ ನಲವತ್ತೆಂಟು ದಿನ ಪ್ರದಕ್ಷಿಣೆ ಸೇವೆ ಮಾಡಿದ್ದರು. ಸುತ್ತಿದ್ದು ಅವರು. ಅಷ್ಟೂ ದಿನ ನೈವೇದ್ಯಕ್ಕೆ ಅಡಿಗೆ ಮಾಡಿದ್ದು ಹೆಂಡತಿ. ಸೇವೆಯ ಫಲ ಹೆಂಡತಿಯ ಮುಖದ ಮೇಲೆ ಮೂಡಿದೆ ಎಂದು ಬಂಡೂರಾವ ಹೇಳತೊಡಗಿದರು. ಸೇವೆ ತಮ್ಮದು ಎಂಬ ಮಾತನ್ನು ಪ್ರತಿ ಸಲವೂ ಸೇರಿಸುತ್ತಿದ್ದರು.

ಆ ಮನೆಯ ಅಡಿಗೆಯ ಬಗ್ಗೆ ಸ್ವಲ್ಪ ಹೇಳಬೇಕು. ಬೇರೆ ಮನೆಗಳಲ್ಲಿ ಮಡಿಸೀರೆಯನ್ನು ಹಿಂದಿನ ದಿನವೇ ಒಗೆದು, ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಗಿಸಿ, ಮರುದಿನ ಉಡುತ್ತಾರೆ. ಇಲ್ಲಿ ಒಣಗಿದ್ದು ನಡೆಯುತ್ತಿರಲಿಲ್ಲ. ಬೆಳಗ್ಗೆ ತಣ್ಣೀರಿನಲ್ಲಿ ಸ್ನಾನ ಮಾಡಿ, ಒಂಬತ್ತು ಗಜದ ಸೀರೆಯನ್ನು ಹಿತ್ತಲಿನ ಕಲ್ಲುತೊಟ್ಟಿಯಲ್ಲಿ, ಅಂದರೆ ಹೌದಿನಲ್ಲಿ, ಅದ್ದಿ ಹಿಂಡಿ ಒದ್ದೆಯಾಗಿಯೇ ಉಡಬೇಕು. ಅಡಿಗೆ ಕಟ್ಟಿಗೆಯ ಒಲೆಯ ಮೇಲೆ. ಮನೆಯಲ್ಲಿ ಗ್ಯಾಸ್ ಇರಲಿಲ್ಲವೆಂದಲ್ಲ. 1988ರಿಂದ ಇತ್ತು, ಹೊರಗಿನ ಕೋಣೆಯಲ್ಲಿ, ಬಂಡೂರಾವರ ಚಹಾಕ್ಕೆ. ಸಿಲಿಂಡರು ಯಾರ್ಯಾರದೋ ಹೆಗಲ ಮೇಲೆ ಬರುತ್ತದೆ ಎಂಬ ಕಾರಣಕ್ಕೆ ಅದಕ್ಕೆ ದೇವರ ಅಡಿಗೆಮನೆಯೊಳಗೆ ಪ್ರವೇಶವಿರಲಿಲ್ಲ. ಚಹಾಕ್ಕೆ ಆ ಮೈಲಿಗೆ ತಟ್ಟುತ್ತಿರಲಿಲ್ಲ.

ಈ ನಿಯಮಗಳನ್ನು ಕಾಯುತ್ತಿದ್ದವರು ಅತ್ತೆ ಅನಸೂಯಾಬಾಯಿ, ಎಪ್ಪತ್ತೊಂದು ವರ್ಷ. ಒದ್ದೆ ಸೀರೆ ಉಡುವುದನ್ನು ಸ್ವತಃ ಅವರು 1979ರಲ್ಲೇ ಬಿಟ್ಟಿದ್ದರು. ಮಂಡಿನೋವು.

ಮಥುರಾಬಾಯಿಯ ಬೆರಳುಗಳ ತೊಂದರೆ 1994ರ ಚಳಿಗಾಲದಲ್ಲಿ ಶುರುವಾಯಿತು. ಹೌದಿನ ನೀರು ತಾಗಿದ ಕೂಡಲೇ ಬೆರಳುಗಳು ಸುಣ್ಣದ ಹಾಗೆ ಬೆಳ್ಳಗಾಗುತ್ತಿದ್ದವು, ಆಮೇಲೆ ನೀಲಿ. ಒಲೆಯ ಮುಂದೆ ಕೂತ ಮೇಲೆ ಕೆಂಪೇರಿ ಉರಿಯುತ್ತಿದ್ದವು.

“ತಣ್ಣೀರಿಗೆ ಎಲ್ಲಾರ ಬೆರಳೂ ಹಂಗ ಆಗ್ತಾವ,” ಎಂದರು ಅತ್ತೆ.

“ನಿಮ್ಮವು ಯಾವಾಗ ಆಗಿದ್ದವು, ಅತ್ಯಾ?”

“ನಮಗ ನೋಡ್ಕೊಳ್ಳಿಕ್ಕೆ ಪುರಸೊತ್ತು ಎಲ್ಲಿತ್ತು?”

ಮರುವರ್ಷ ಕೆಮ್ಮು ಬಂತು. ಕಫವಿಲ್ಲದ ಒಣ ಕೆಮ್ಮು. ಮಾಳಿಗೆಗೆ ಹದಿನಾರು ಮೆಟ್ಟಿಲು, ಎಂಟನೆಯದರಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತಿತ್ತು. ಓಣಿಯ ತುದಿಯ ಡಾಕ್ಟರ್ ಜಗದೇವಪ್ಪ ಕ್ಲಿನಿಕ್ಕಿಗೆ ಹೋಗುವ ದಾರಿಯಲ್ಲಿ ಬೆಳಗ್ಗೆ ಬಂದು ನೋಡುತ್ತಿದ್ದರು. ಬೆಳಗ್ಗೆ ಮಥುರಾಬಾಯಿ ಮಡಿಯಲ್ಲಿರುತ್ತಿದ್ದರು, ಮುಟ್ಟುವಂತಿರಲಿಲ್ಲ. ಡಾಕ್ಟರು ಅಡಿಗೆಮನೆಯ ಹೊಸ್ತಿಲಿನಿಂದ ಐದು ಅಡಿ ದೂರ ನಿಂತು, “ಒಂದು ಸಲ ಕೆಮ್ಮಿ ತೋರ್ಸ್ರಿ ಬಾಯಾರ,” ಎನ್ನುವರು. ಮಥುರಾಬಾಯಿ ಕೆಮ್ಮಿ ತೋರಿಸುವರು. ಡಾಕ್ಟರು ಸಿರಪ್ ಬರೆದುಕೊಡುವರು. ಎರಡು ವರ್ಷದಲ್ಲಿ ಹನ್ನೊಂದು ಬಾಟಲಿ ಸಿರಪ್ ಆಯಿತು. ಸ್ಟೆತಾಸ್ಕೋಪು ಅವರ ಕೊರಳಲ್ಲಿಯೇ ಇತ್ತು, ಒಂದು ಸಲವೂ ಆ ಬೆನ್ನಿಗೆ ತಾಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮಡಿ ಮುಗಿಯುತ್ತಿತ್ತು. ಆದರೆ ಮಧ್ಯಾಹ್ನ ಡಾಕ್ಟರು ಮಲಗುತ್ತಿದ್ದರು.

ಈ ನಡುವೆ ಮುಖ ನುಣುಪಾಗುತ್ತಲೇ ಹೋಯಿತು. ಮೂಗು ಚೂಪಾಯಿತು, ಕೆನ್ನೆಯ ಚರ್ಮ ಬಿಗಿಯಿತು. ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಹೆಂಗಸರು ಬರುವುದು ರೂಢಿಯಾಯಿತು. ಮೊದಲು ಏಳೆಂಟು ಜನ, 1997ರ ದೀಪಾವಳಿಯ ಹೊತ್ತಿಗೆ ಮೂವತ್ತರ ಮೇಲೆ. ಮಥುರಾಬಾಯಿಯನ್ನು ಚಾಪೆಯ ಮೇಲೆ ಕೂರಿಸಿ, ಅವರ ಕೈಯಿಂದ ಕುಂಕುಮ ಹಚ್ಚಿಸಿಕೊಂಡು, ಪಾದ ಮುಟ್ಟಿ ಹೋಗುತ್ತಿದ್ದರು. ಕೆಲವರು ತಮ್ಮ ಕೆನ್ನೆಯನ್ನು ಅವರ ಬೆರಳಿನಿಂದ ಸವರಿಸಿಕೊಳ್ಳುತ್ತಿದ್ದರು. ಬೆರಳು ತಣ್ಣಗಿರುವುದೂ ಮಹಿಮೆಯ ಲೆಕ್ಕಕ್ಕೆ ಸೇರಿತು. ಕೆಮ್ಮು ಬಂದಾಗ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು.

“ಮುಖಕ್ಕ ಮಹಿಮಾ ಅದ, ಗಂಟಲಿಗೆ ಯಾಕಿಲ್ಲ?” ಎಂದು ಒಮ್ಮೆ ಮಥುರಾಬಾಯಿ ಗಂಡನನ್ನು ಕೇಳಿದರು.

“ನಿನ್ನ ಶ್ರದ್ಧಾ ಕಡಿಮಿ ಬಿದ್ದದ,” ಎಂದರು ಬಂಡೂರಾವ. ಅವರಿಗೆ ಆಗ ಮಠದಲ್ಲಿ ಮೊದಲ ಸಾಲಿನ ಮಣೆ ಸಿಕ್ಕಿ ಆರು ತಿಂಗಳಾಗಿತ್ತು.

ನವೆಂಬರಿನಲ್ಲಿ ಮಠದವರು ಒಂದು ಕಾರ್ಯಕ್ರಮ ಗೊತ್ತುಮಾಡಿದರು. 1998ರ ಜನವರಿ 11, ಭಾನುವಾರ. ಹೊರಗಿನಿಂದ ಸ್ವಾಮಿಗಳು ಬರುವವರಿದ್ದರು, ಅವರ ಕೈಯಿಂದ ಬಂಡೂರಾವರಿಗೆ ಶಾಲು ಮತ್ತು ‘ಸೇವಾಧುರೀಣ’ ಎಂಬ ಬಿರುದು. ಅದಕ್ಕಾಗಿ ಐದುನೂರು ಕರಪತ್ರ ಅಚ್ಚಾಗಬೇಕಿತ್ತು, ಕರಪತ್ರಕ್ಕೆ ದಂಪತಿಯ ಫೋಟೊ ಬೇಕಿತ್ತು.

ಫೋಟೊ ತೆಗೆದದ್ದು ಸೂಪರ್ ಮಾರ್ಕೆಟ್ ಹತ್ತಿರದ ಸ್ಟುಡಿಯೊದ ಹುಸೇನ. ನೆಗೆಟಿವ್ ಮೇಲೆ ಚೂಪಾದ ಸೀಸದಕಡ್ಡಿಯಿಂದ ಗಿರಾಕಿಗಳ ಸುಕ್ಕು ಅಳಿಸುವುದು ಅವನ ಇಪ್ಪತ್ತಾರು ವರ್ಷದ ಕಸುಬು. ಪ್ರತಿಗಳನ್ನು ಒಯ್ಯಲು ಗಂಡ ಹೆಂಡತಿ ಹೋದ ದಿನ ಬಂಡೂರಾವ ಕರಪತ್ರದ ಒಕ್ಕಣೆ ತಿದ್ದಿಸಲು ಪಕ್ಕದ ಪ್ರೆಸ್ಸಿಗೆ ಹೋದರು. ಹುಸೇನ ಮಥುರಾಬಾಯಿಗೆ ಕುರ್ಚಿ ಕೊಟ್ಟ.

“ಕಡ್ಡಿ ಚೂಪು ಮಾಡಿ ಇಟ್ಟಿದ್ದೆ ಬಾಯಾರ. ಮುಟ್ಟೋ ಕೆಲಸಾನೇ ಬೀಳಲಿಲ್ಲ.”

“ಹೌದಪ್ಪ, ನಾ ಮಹಿಮಾದಾಕಿ. ಕೇಳಿಲ್ಲೇನು?”

ಹುಸೇನ ನಗಲಿಲ್ಲ. ಕಪಾಟಿನಿಂದ ಒಂದು ಹಳೆಯ ಪ್ರತಿ ತೆಗೆದ. 1989ರಲ್ಲಿ ಬಂಡೂರಾವರ ಅಣ್ಣನ ಮಗನ ಮುಂಜಿಯಲ್ಲಿ ಅವನೇ ತೆಗೆದದ್ದು. ನಂಬರು ಹಾಕಿದ ಲಕೋಟೆಯಿಂದ ನೆಗೆಟಿವ್ ಹುಡುಕಿ, ಮಥುರಾಬಾಯಿಯ ಮುಖವನ್ನಷ್ಟೇ ಹೊಸ ಫೋಟೊದ ಅಳತೆಗೆ ದೊಡ್ಡದು ಮಾಡಿದ್ದ. ಎರಡನ್ನೂ ಪಕ್ಕಪಕ್ಕ ಇಟ್ಟು ಸ್ಕೇಲು ಹಿಡಿದ.

“ನೋಡ್ರಿ, ಕಣ್ಣಿಗೂ ಕಣ್ಣಿಗೂ ನಡುವಿನ ಜಾಗಾ ಎರಡರಾಗೂ ಬರೋಬರಿ ಅದ. ಬಾಯಿ ನೋಡ್ರಿ. ಕಾಲು ಪಾಲು ಸಣ್ಣದಾಗ್ಯದ. ಲಗ್ನದಾಗ, ಮುಂಜ್ಯಾಗ ಸಾವಿರ ಮಂದಿ ಫೋಟೊ ತೆಗದೀನಿ. ವಯಸ್ಸಾದಂಗ ಹೆಣ್ಮಕ್ಕಳ ಬಾಯಿ ದೊಡ್ಡದಾಗೋದು ನೋಡೀನಿ, ಸಣ್ಣದಾಗಿದ್ದು ನೋಡಿಲ್ಲ.”

“ನಿನ್ನ ಬಾಯೇನು ಕಮ್ಮಿ ಅದ?” ಎಂದರು ಮಥುರಾಬಾಯಿ. ಆದರೆ ಫೋಟೊಗಳನ್ನು ಬಹಳ ಹೊತ್ತು ನೋಡಿದರು. ಮೂರು ತಿಂಗಳಿಂದ ತಾವು ಜೋಳದ ಭಕ್ಕರಿಯನ್ನು ಸಣ್ಣ ಚೂರು ಮಾಡಿ ಬಾಯಿಗಿಡುತ್ತಿರುವುದು ಅವರಿಗೆ ಆಗ ಹೊಳೆಯಿತು.

“ನಮ್ಮ ಅಕ್ಕ ಮೆಹರುನ್ನಿಸಾ ಕಮಲಾಪುರ ಸರ್ಕಾರಿ ದವಾಖಾನ್ಯಾಗ ಸಿಸ್ಟರ್ ಇದ್ದಾಳ. ಆ ಕಡಿ ಹೋದಾಗ ಒಂದು ಸಲ ಕೈ ತೋರ್ಸ್ರಿ. ಆಕಿ ಮಾತು ಒರಟು, ಕೆಲಸ ಖರೆ.”

ಆ ಕಡೆ ಹೋಗುವ ಸಂದರ್ಭವನ್ನು ಬಂಡೂರಾವರೇ ಒದಗಿಸಿಕೊಟ್ಟರು. ಕಮಲಾಪುರದ ಪರಿಚಯದವರೊಬ್ಬರ ಮನೆಯಲ್ಲಿ ನವೆಂಬರ್ 25ರಂದು ವ್ರತದ ಉದ್ಯಾಪನೆ ಇತ್ತು. ಹೆಂಡತಿಯನ್ನು ಕರೆತರಲೇಬೇಕು, ಹೆಂಗಸರು ಮುಖ ನೋಡಬೇಕಂತೆ ಎಂದು ಹೇಳಿಕಳಿಸಿದ್ದರು. ಒಂದು ತಾಸಿನ ಬಸ್ ಪ್ರಯಾಣ. ಹೆಂಗಸರು ಮುಖ ನೋಡಿದರು. ಊಟವಾಯಿತು. ಬಂಡೂರಾವ ಹೋಳಿಗೆಯ ಭಾರಕ್ಕೆ ಪಡಸಾಲೆಯಲ್ಲಿ ಮಲಗಿದರು. ಮಥುರಾಬಾಯಿ ಚಪ್ಪಲಿ ಮೆಟ್ಟಿ ದವಾಖಾನೆಗೆ ನಡೆದರು. ಇನ್ನೂರು ಮೀಟರ್ ಇದ್ದೀತು, ಮೂರು ಕಡೆ ನಿಂತರು. ಎರಡನೆಯ ಸಲ ಕೆಂಪು ಬಾಳೆಹಣ್ಣು ಮಾರುವವಳೊಬ್ಬಳು ತನ್ನ ಬುಟ್ಟಿ ಸರಿಸಿ ಕಟ್ಟೆಯ ಮೇಲೆ ಜಾಗ ಕೊಟ್ಟಳು.

ಮೆಹರುನ್ನಿಸಾ ಐವತ್ತರ ಹತ್ತಿರದ ದಪ್ಪ ಹೆಂಗಸು. ತಮ್ಮ ಹುಸೇನ ಹೇಳಿಕಳಿಸಿದ್ದನೆಂದು ಕಾಯುತ್ತಿದ್ದಳು. ಮೊದಲು ಉಗುರು ನೋಡಿದಳು. ಆಮೇಲೆ ಒಂದು ಬೋಗುಣಿಯಲ್ಲಿ ಕೊಡದ ತಣ್ಣೀರು ತಂದು, “ಕೈ ಹಾಕ್ರಿ,” ಎಂದಳು. ಬೆರಳುಗಳು ಬೆಳ್ಳಗಾದವು, ನೀಲಿಯಾದವು. ಕೈ ಹಿಂಭಾಗದ ಚರ್ಮವನ್ನು ಚಿವುಟಿ ಎತ್ತಲು ನೋಡಿದಳು, ಎದ್ದು ಬರಲಿಲ್ಲ. ಬಾಯಿ ತೆರೆಯಿಸಿ ಮೂರು ಬೆರಳು ನಿಲ್ಲಿಸಿ ಒಳಗೆ ತೂರಿಸಲು ನೋಡಿದಳು. ಎರಡೇ ಹಿಡಿದವು.

“ಒಂದು ಉಸುರಿನಾಗ ಎಷ್ಟು ಎಣಿಸ್ತೀರಿ, ಎಣಿಸ್ರಿ.”

ಮಥುರಾಬಾಯಿ ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ಎಣಿಸಿದರು. ಹದಿನಾಲ್ಕಕ್ಕೆ ಉಸಿರು ಮುಗಿದು ಕೆಮ್ಮು ಬಂತು.

“ನಾ ಬೀಡಿ ಸೇದೋ ಮುದುಕರಿಗೂ ಎಣಿಸಾಕ ಹಚ್ಚೀನಿ,” ಎಂದಳು ಮೆಹರುನ್ನಿಸಾ. “ಅವರು ಇಪ್ಪತ್ತು ದಾಟಸ್ತಾರ. ಎಷ್ಟು ದಿನಾ ಆತು?”

“ಕೆಮ್ಮಿಗೆ ಎರಡು ವರ್ಷ.”

“ಎರಡು ವರ್ಷದಾಗ ಬೆನ್ನಿಗೆ ಯಾರೂ ಕಿವಿ ಇಟ್ಟಿಲ್ಲ?”

“ಮುಖಾ ನೋಡ್ಲಿಕ್ಕೆ ಪಾಳಿ ಹಚ್ಚಿದ್ರು. ಬೆನ್ನಿನ ಕಡಿ ಯಾರೂ ಬರಲಿಲ್ಲ.”

ಅಲ್ಲಿನ ಡಾಕ್ಟರು ಕೆಲಸಕ್ಕೆ ಸೇರಿ ವರ್ಷವಾಗಿದ್ದ ಯುವಕ. ಬೆನ್ನಿನ ಕೆಳಭಾಗದಲ್ಲಿ ಎರಡೂ ಕಡೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಕಿವಿಯ ಹತ್ತಿರ ಕೂದಲು ಹಿಡಿದು ಬೆರಳಲ್ಲಿ ಹೊಸೆದರೆ ಎಂಥ ಸಪ್ಪಳ ಬರುತ್ತದೆಯೋ, ಉಸಿರು ಒಳಗೆ ಹೋಗುವಾಗ ಪುಪ್ಪುಸದಲ್ಲಿ ಅಂಥದೇ ಸಪ್ಪಳ ಬರುತ್ತಿದೆ ಎಂದರು. ಇದು ಕ್ಷಯವಲ್ಲ, ಸ್ಕ್ಲೆರೋಡರ್ಮಾ ಇರಬೇಕು. ಮೊದಲು ಚರ್ಮ ಬಿಗಿಯುತ್ತದೆ, ಕೆಲವರಲ್ಲಿ ಆಮೇಲೆ ಪುಪ್ಪುಸವೂ ಬಿಗಿಯುತ್ತದೆ. ಬಿಗಿದ ಭಾಗ ಮತ್ತೆ ಮೆತ್ತಗಾಗುವುದಿಲ್ಲ, ಉಳಿದದ್ದನ್ನು ಕಾಯಬೇಕು. ಸೊಲ್ಲಾಪುರಕ್ಕೆ ಹೋಗಿ, ತಡ ಮಾಡಬೇಡಿ ಎಂದು ಚೀಟಿ ಬರೆದುಕೊಟ್ಟರು. ತಣ್ಣೀರು, ಹೊಗೆ ಎರಡನ್ನೂ ಇವತ್ತಿನಿಂದಲೇ ಬಿಡಬೇಕು ಎಂದೂ ಬರೆದರು.

“ಯಾಕ ಬರ್ತದ ಇದು?” ಎಂದು ಮಥುರಾಬಾಯಿ ಹೊರಗೆ ಬಂದ ಮೇಲೆ ಕೇಳಿದರು.

“ಮೈಯಾಗ ರೋಗದ ಕೂಡ ಬಡದಾಡೋ ಪಹರೆ ಇರ್ತದರೀ. ಅದು ಗುರ್ತು ತಪ್ಪಿ ನಮ್ಮ ಮೈಮ್ಯಾಲೆ ಬೀಳ್ತದ. ಮನಿ ಕಾಯಾಕ ಸಾಕಿದ ನಾಯಿ ಮನಿಯವರನ್ನೇ ಕಚ್ಚಿದಂಗ.”

“ತಿಳೀತು ಬಿಡ್ರಿ ಸಿಸ್ಟರ್. ನಮ್ಮ ಮನ್ಯಾಗ ಅಂಥಾವು ಎರಡವ.”

ಮೆಹರುನ್ನಿಸಾ ಮೊದಲ ಸಲ ನಕ್ಕಳು. ಬಾಗಿಲ ತನಕ ಬಂದು, “ಇದು ಯಾರಿಗೂ ಅಂಟಂಗಿಲ್ಲ, ಅದೊಂದು ನೆಪ್ಪಿಡ್ರಿ. ಮಂದಿ ಏನೇನೋ ಅಂತಾರ,” ಎಂದಳು.

ಆ ಸಂಜೆ ಕಲಬುರಗಿಗೆ ಮರಳಿದ ಮೇಲೆ ಮಥುರಾಬಾಯಿ ಚೀಟಿಯನ್ನು ಗಂಡನ ಮುಂದಿಟ್ಟರು. ಬಂಡೂರಾವ ಎರಡು ಸಲ ಓದಿದರು. ಸರ್ಕಾರಿ ನೌಕರರಾದ್ದರಿಂದ ಕಾಗದಗಳನ್ನು ಎರಡು ಸಲ ಓದುವ ರೂಢಿ ಅವರಿಗಿತ್ತು.

“ಜನವರಿ ಹನ್ನೊಂದು ಮುಗೀಲಿ,” ಎಂದರು.

“ಪುಪ್ಪುಸಕ್ಕ ತಾರೀಖು ತಿಳೀತದೇನು?”

“ಎರಡು ವರ್ಷ ತಡದಾಕಿ ಎರಡು ತಿಂಗಳು ತಡಿಲಾರಿಯೇನು? ಕರಪತ್ರ ಅಚ್ಚಿಗೆ ಹೋಗ್ಯದ. ಸೇವಾದ ಫಲಾ ಅಂತ ಬರದದ. ಈಗ ಅದು ರೋಗ ಅಂದ್ರ ಸ್ವಾಮಿಗಳ ಮುಂದ ನಾ ಯಾವ ಮುಖಾ ಇಟ್ಕೊಂಡು ನಿಂದ್ರಲಿ?”

“ನನ್ನದೇ ಇಟ್ಕೊಂಡು ನಿಂತೀರಲ್ಲ.”

ಅನಸೂಯಾಬಾಯಿ ಒಳಗಿನಿಂದಲೇ ತೀರ್ಪು ಕೊಟ್ಟರು. “ತುರುಕರಾಕಿ ಕೈಲೆ ಮುಟ್ಟಿಸಿಕೊಂಡು ಬಂದಾಳ. ಮೊದಲು ತಲಿಮ್ಯಾಲೆ ನೀರು ಹಾಕ್ಕೋ ಅನ್ನು.”

ನೀರು ತಣ್ಣೀರೇ. ಒದ್ದೆ ಸೀರೆ ಮತ್ತು ಕಟ್ಟಿಗೆ ಒಲೆ ಮರುದಿನವೂ ಮುಂದುವರಿದವು. ಮಥುರಾಬಾಯಿ ಮತ್ತೆ ಎರಡು ಸಲ ಕೇಳಿದರು. ಲಾತೂರಿನಲ್ಲಿದ್ದ ಮಗಳಿಗೆ ಪತ್ರ ಬರೆದರು. ಕಾರ್ಯಕ್ರಮ ಮುಗಿದ ಮೇಲೆ ನೋಡೋಣ, ಅಪ್ಪನ ಮನಸ್ಸು ನೋಯಿಸಬೇಡ ಎಂದು ಮಗಳೂ ಬರೆದಳು. ಡಿಸೆಂಬರಿನ ಚಳಿಗೆ ಬೆರಳ ತುದಿಯಲ್ಲಿ ಹುಣ್ಣಾಯಿತು. ಮಾಳಿಗೆಯ ಮೆಟ್ಟಿಲಿನಲ್ಲಿ ನಿಲ್ಲುವುದು ಎಂಟರಿಂದ ಐದನೆಯದಕ್ಕೆ ಇಳಿಯಿತು.

ಡಿಸೆಂಬರ್ 18, ಗುರುವಾರ. ನಾಲ್ಕು ಗಂಟೆಗೆ ಮೂವತ್ನಾಲ್ಕು ಹೆಂಗಸರಿದ್ದರು. ಬಂಡೂರಾವ ಅರ್ಧ ದಿನ ರಜೆ ಹಾಕಿ ಬಂದಿದ್ದರು, ಹೊಸ ಕರಪತ್ರಗಳ ಕಟ್ಟು ಕೈಯಲ್ಲಿತ್ತು. ಕುಂಕುಮಕ್ಕೆ ಮೊದಲು ಬಂದವರು ಎಂದಿನಂತೆ ಇಂದೂಬಾಯಿ.

“ಕೆನ್ನಿಗೊಂದು ಸಲ ಸವರ್ರಿ, ವೈನಿ.”

ಮಥುರಾಬಾಯಿ ಸವರಲಿಲ್ಲ. ಎರಡೂ ಕೈಗಳನ್ನು ಮುಂದೆ ಚಾಚಿದರು. ಬೆರಳ ತುದಿಯ ಹುಣ್ಣುಗಳಿಗೆ ಬಟ್ಟೆ ಸುತ್ತಿರಲಿಲ್ಲ.

“ಇದು ಮಹಿಮಾ ಅಲ್ಲ, ರೋಗ,” ಎಂದರು. “ಚರ್ಮ ಗಟ್ಟಿ ಆಗೋ ರೋಗ. ಮೊದಲು ಕೈಗೆ ಬಂತು, ಆಮ್ಯಾಲೆ ಮುಖಕ್ಕ. ಈಗ ಒಳಗ ಪುಪ್ಪುಸಕ್ಕ ಹೋಗ್ಯದ. ಕಮಲಾಪುರದ ಡಾಕ್ಟರು ಬರದು ಕೊಟ್ಟಾರ. ಕಾಗದ ಇವರ ಹತ್ರ ಅದ, ಕೇಳ್ರಿ.”

ಬಂಡೂರಾವ ಕರಪತ್ರದ ಕಟ್ಟನ್ನು ಬೆನ್ನ ಹಿಂದೆ ಹಿಡಿದುಕೊಂಡರು. ಕಾಗದ ಸುಳ್ಳು ಎಂದು ಅವರು ಹೇಳಲಿಲ್ಲ.

ಇಂದೂಬಾಯಿ ಕೂತಲ್ಲೇ ಹಿಂದೆ ಸರಿದರು. “ಚರ್ಮದ್ದು ಅಂದ್ರ… ಅದು ಅಂಟತದೇನ್ರೀ?”

ಉತ್ತರ ಮಥುರಾಬಾಯಿಗೆ ಗೊತ್ತಿತ್ತು. ನೆಪ್ಪಿಡ್ರಿ ಎಂದು ಮೆಹರುನ್ನಿಸಾ ಹೇಳಿಕೊಟ್ಟದ್ದು ಅದೊಂದೇ ಮಾತು. ಅವರು ಇಂದೂಬಾಯಿಯ ಮುಖ ನೋಡಿದರು, ಆಮೇಲೆ ಉಳಿದ ಮೂವತ್ಮೂರು ಮುಖಗಳನ್ನು. ಎಲ್ಲ ಕೈಗಳೂ ಆಗಲೇ ಸೆರಗಿನೊಳಗೆ ಹೋಗಿದ್ದವು.

“ಸೊಲ್ಲಾಪುರದ ದೊಡ್ಡ ಡಾಕ್ಟರಿಗೆ ಕೇಳಿ ಹೇಳ್ತೀನಿ,” ಎಂದರು.

ಐದು ನಿಮಿಷದಲ್ಲಿ ಪಡಸಾಲೆ ಖಾಲಿಯಾಯಿತು. ಇಂದೂಬಾಯಿ ಹೋಗುವ ದಾರಿಯಲ್ಲಿ ನಲ್ಲಿಯ ಕೆಳಗೆ ಕೆನ್ನೆ ತೊಳೆದುಕೊಂಡರು. ಹದಿನಾರು ತಿಂಗಳು ಸವರಿಸಿಕೊಂಡ ಕೆನ್ನೆ.

ಆಮೇಲಿನದನ್ನು ಅನಸೂಯಾಬಾಯಿ ನೋಡಿಕೊಂಡರು. ಮಗನಿಗಿಂತ ಅವರ ತಲೆ ಚುರುಕು. ರಾತ್ರಿಯ ಊಟಕ್ಕೆ ಮೊದಲೇ ಸೊಸೆಗೆ ಅಡಿಗೆಮನೆ ಬಂದ್ ಆಯಿತು. ಹೌದಿನ ನೀರು ಮುಟ್ಟಕೂಡದು. ದೇವರ ಕೋಣೆಯತ್ತ ಸುಳಿಯಕೂಡದು. ಹೊರಗಿನ ಕೋಣೆಯಲ್ಲಿಯೇ ಇರಬೇಕು, ತನ್ನ ತಟ್ಟೆ ಲೋಟ ತಾನೇ ತೊಳೆದುಕೊಳ್ಳಬೇಕು, ಗ್ಯಾಸಿನ ಮೇಲೆ ನೀರು ಕಾಯಿಸಿಕೊಂಡು ಸ್ನಾನ ಮಾಡಬೇಕು, ಒಣ ಸೀರೆ ಉಡಬೇಕು. ಕಮಲಾಪುರದ ಡಾಕ್ಟರು ಚೀಟಿಯಲ್ಲಿ ಬರೆದದ್ದೂ ಬಹುಮಟ್ಟಿಗೆ ಇದೇ. ಔಷಧಿಯೆಂದು ಕೇಳಿದಾಗ ಸಿಗದಿದ್ದದ್ದು ಶಿಕ್ಷೆಯಾಗಿ ಒಂದೇ ಸಂಜೆಯಲ್ಲಿ ಸಿಕ್ಕಿತು.

ಹಿತ್ತಲಲ್ಲಿ ಪಾತ್ರೆ ತಿಕ್ಕುವ ಹಣಮಮ್ಮ ಹತ್ತೊಂಬತ್ತು ವರ್ಷ ಆ ಮನೆಯ ಕೆಲಸ ಮಾಡಿದ್ದರೂ ಹಿತ್ತಲ ಬಾಗಿಲು ದಾಟಿದವಳಲ್ಲ. ಮಥುರಾಬಾಯಿ ತಮ್ಮ ಲೋಟ ತೊಳೆಯಲು ಬಂದಾಗ ಅವಳು ಕಲ್ಲಿನ ಮೇಲೆ ಜಾಗ ಬಿಟ್ಟಳು.

“ನೀವೂ ನಮ್ಮ ಕಡಿಗೆ ಬಂದ್ರಿ ಬಿಡ್ರಿ ಅವ್ವಾರ.”

“ಇಲ್ಲಿ ಬಿಸಲಾದ್ರೂ ಅದ,” ಎಂದರು ಮಥುರಾಬಾಯಿ.

“ಇಷ್ಟ ದಿನಾ ಬಿಸಲಾಗಿದ್ದವರು ನಾವು. ಚಲೋ ಅದ ಅಂತ ಯಾರೂ ಅನ್ನಲಿಲ್ಲ,” ಎಂದಳು ಹಣಮಮ್ಮ. ಮಥುರಾಬಾಯಿ ಲೋಟ ತೊಳೆಯತೊಡಗಿದರು.

ಮಠದಿಂದ ಹೇಳಿಕೆ ಬರಲು ಒಂಬತ್ತು ದಿನ ಹಿಡಿಯಿತು. ಬಂಡೂರಾವರ ಮಣೆ ಮೊದಲ ಸಾಲಿನಿಂದ ಕೊನೆಯ ಸಾಲಿಗೆ ಹೋಯಿತು. ಜನವರಿ 4ರಂದು, ಮನೆಯಲ್ಲಿ ಅಂಟುರೋಗವಿರುವಾಗ ಸ್ವಾಮಿಗಳ ಹತ್ತಿರ ಬರುವುದು ಸರಿಯಲ್ಲವೆಂದು ವ್ಯವಸ್ಥಾಪಕರು ಹೇಳಿದರು. ಅಂಟುವುದಿಲ್ಲವೆಂದು ದೊಡ್ಡ ಡಾಕ್ಟರ ಕಾಗದ ತಂದರೆ ನೋಡೋಣ, ಜನವರಿ ಹನ್ನೊಂದರ ಒಳಗೆ.

ಹೆಂಡತಿಯ ಪುಪ್ಪುಸಕ್ಕಾಗಿ ಆರು ವಾರ ಸಿಗದಿದ್ದ ರಜೆ ಮರುದಿನವೇ ಸಿಕ್ಕಿತು. ಜನವರಿ 6ರಂದು ಗಂಡ ಹೆಂಡತಿ ರೈಲಿನಲ್ಲಿ ಸೊಲ್ಲಾಪುರಕ್ಕೆ ಹೋದರು.

ಅಲ್ಲಿನ ಡಾಕ್ಟರು ಎದೆಯ ಚಿತ್ರಗಳನ್ನು ತೆಗೆಸಿದರು, ರಕ್ತ ಪರೀಕ್ಷೆ ಮಾಡಿಸಿದರು, ಕೊಳವೆಯಿರುವ ಯಂತ್ರಕ್ಕೆ ಮೂರು ಸಲ ಊದಿಸಿದರು. ಆ ವಯಸ್ಸಿನ, ಆ ಎತ್ತರದ ಹೆಂಗಸಿನ ಪುಪ್ಪುಸ ನೂರು ಪಾಲು ಗಾಳಿ ಹಿಡಿಯಬೇಕಾದಲ್ಲಿ ಇದು ಐವತ್ನಾಲ್ಕು ಪಾಲು ಹಿಡಿಯುತ್ತಿದೆ ಎಂದರು. ಚಿತ್ರದಲ್ಲಿ ಕೆಳಗಿನ ಭಾಗ ಜೇನುಹುಟ್ಟಿನ ಹಾಗೆ ತೂತುತೂತಾಗಿತ್ತು.

“ಎರಡು ವರ್ಷದ ಹಿಂದ ಬಂದಿದ್ರ?” ಎಂದು ಮಥುರಾಬಾಯಿ ಕೇಳಿದರು.

“ಇದಕ್ಕಿಂತ ಹೆಚ್ಚು ಉಳಿಸಬಹುದಿತ್ತು,” ಎಂದರು ಡಾಕ್ಟರು. ಅವರು ಸುತ್ತಿ ಬಳಸಿ ಮಾತಾಡುವವರಲ್ಲ. “ಹೋದದ್ದು ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ನೋಡೋಣ.” ತಿಂಗಳಿಗೊಂದು ಇಂಜೆಕ್ಷನ್, ಬೆರಳಿನ ರಕ್ತದ ಓಡಾಟಕ್ಕೆ ಒಂದು ಮಾತ್ರೆ. ತಣ್ಣೀರು ಮತ್ತು ಹೊಗೆ ಜನ್ಮದಲ್ಲಿ ಬೇಡ.

ಬಂಡೂರಾವ ಆ ತನಕ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಈಗ ಕುರ್ಚಿಯ ತುದಿಗೆ ಬಂದರು.

“ಇದು ಅಂಟುರೋಗ ಅಲ್ಲ ಅಂತ ಒಂದು ಸರ್ಟಿಫಿಕೇಟ್ ಬೇಕಾಗಿತ್ರಿ. ಶಿಕ್ಕಾ ಸಹಿತ.”

ಡಾಕ್ಟರು ಬರೆದರು, ಶಿಕ್ಕೆ ಒತ್ತಿದರು, ರೋಗಿಯ ಹೆಸರಿನಲ್ಲಿದ್ದುದರಿಂದ ಕಾಗದವನ್ನು ರೋಗಿಯ ಕೈಗೆ ಕೊಟ್ಟರು.

ರೈಲು ಸೊಲ್ಲಾಪುರ ಬಿಟ್ಟ ಮೇಲೆ ಬಂಡೂರಾವ ಕೈ ಚಾಚಿದರು. “ಕೊಡು, ಮಠಕ್ಕ ಝೆರಾಕ್ಸ್ ಕೊಡಬೇಕು.”

“ನನ್ನ ಹತ್ರ ಇರ್ಲಿ.”

“ಹನ್ನೊಂದಕ್ಕ ಐದೇ ದಿನ ಅವ, ಮಥುರಾ.”

“ಹೌದು. ಐವತ್ನಾಲ್ಕು ಪಾಲಿಗೆ ಎಷ್ಟು ದಿನ ಅವ ಅಂತ ನೀವು ಕೇಳಲಿಲ್ಲ.”

ಬಂಡೂರಾವ ಮನೆ ಮುಟ್ಟುವ ತನಕ ಕೇಳಿದರು, ಮರುದಿನ ಗದರಿಸಿದರು, ಅದರ ಮರುದಿನ ಕೈ ಮುಗಿದರು. ಆಮೇಲೆ ಟ್ರಂಕು, ಹಾಸಿಗೆ ಎಲ್ಲ ಹುಡುಕಿದ ಗುರುತುಗಳಿದ್ದವು. ಕಾಗದ ಕಮಲಾಪುರದಲ್ಲಿ ಮೆಹರುನ್ನಿಸಾಳ ಕಪಾಟಿನಲ್ಲಿತ್ತು. ಹುಸೇನನ ಕೈಯಲ್ಲಿ ಏಳನೆಯ ತಾರೀಖಿನಂದೇ ಹೋಗಿತ್ತು. ಜನವರಿ 11ರಂದು ಶಾಲು ಬೇರೊಬ್ಬರ ಹೆಗಲಿಗೆ ಬಿತ್ತು, ಬಾವಿ ಕಟ್ಟಿಸಿಕೊಟ್ಟ ಕಂತ್ರಾಟದಾರರೊಬ್ಬರ ಹೆಗಲಿಗೆ. ಕಾಗದ ತೋರಿಸಿದ್ದರೂ ಅವರಿಗೇ ಬೀಳುತ್ತಿತ್ತೆಂದು ಕೆಲವರು ಹೇಳಿದರು.

ಅಡಿಗೆಯ ಪ್ರಶ್ನೆ ಸೊಸೆಗೆ ಅಡಿಗೆಮನೆ ಬಂದ್ ಆದ ದಿನವೇ ಎದ್ದಿತ್ತು. ಅನಸೂಯಾಬಾಯಿ ಮೂರು ದಿನ ಮಾಡಿದರು, ಮಂಡಿ ಹಿಡಿಯಿತು. ದೇವರಿಗೆ ನೈವೇದ್ಯ ತಪ್ಪುವಂತಿರಲಿಲ್ಲ. ಬಂಡೂರಾವ ತಣ್ಣೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ಒಲೆಯ ಮುಂದೆ ಕೂತರು. ಊದುಗೊಳವೆಯಿಂದ ಊದಿದರು, ಕಣ್ಣು ಒರೆಸಿಕೊಂಡರು, ನೆಗಡಿ ಬಂತು. ಹನ್ನೊಂದನೆಯ ದಿನ ಶಾಸ್ತ್ರದಲ್ಲಿ ದಾರಿ ಸಿಕ್ಕಿತು. ಸಿಲಿಂಡರಿಗೆ ನೀರು ಹಾಕಿದರೆ ಮಡಿಯಾಗುತ್ತದೆ, ಅಗ್ನಿ ಯಾವ ರೂಪದಲ್ಲಿದ್ದರೂ ಶುದ್ಧ, ಅಶಕ್ತರು ಬಿಸಿನೀರಿನಲ್ಲಿ ಸ್ನಾನ ಮಾಡಿ ಒಣ ಮಡಿ ಉಡಬಹುದು. ಹೆಂಡತಿ ಒಲೆಯ ಮುಂದೆ ಕೂತ ಇಪ್ಪತ್ತೆಂಟು ವರ್ಷ ಕಾಣಿಸದಿದ್ದ ಈ ವಿನಾಯಿತಿಗಳು ಗಂಡನ ಕಣ್ಣಿಗೆ ಹೊಗೆ ಹೋದ ಎರಡು ವಾರದೊಳಗೆ ಕಂಡವು. ಅನಸೂಯಾಬಾಯಿಯೂ ಒಪ್ಪಿದರು. ಒಲೆಯ ಮುಂದೆ ಕೂತಿದ್ದವನು ಮಗ.

ಜುಲೈನಲ್ಲಿ ಮಥುರಾಬಾಯಿ ಆರನೆಯ ಇಂಜೆಕ್ಷನ್ನಿಗೆ ಮೆಹರುನ್ನಿಸಾಳೊಂದಿಗೆ ಸೊಲ್ಲಾಪುರಕ್ಕೆ ಹೋಗಿ ಬಂದರು. ಯಂತ್ರ ಐವತ್ಮೂರು ತೋರಿಸಿತ್ತು. ಒಂದು ಪಾಲಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿಂತಿದೆ ಎಂದೇ ಅರ್ಥ, ಎಷ್ಟು ದಿನ ನಿಲ್ಲುತ್ತದೆಂದು ಹೇಳಲಾರೆ ಎಂದಿದ್ದರು ಡಾಕ್ಟರು.

ಬಂಡೂರಾವ ಹೊರಗಿನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಸೊಂಟಕ್ಕೆ ಒಣ ಪಂಚೆ, ಮುಂಗೈಗೆ ಹಿಟ್ಟು ಮೆತ್ತಿತ್ತು.

“ಕಾಗದ ಎಲ್ಲಿ ಅದ?”

“ಅದ.”

“ಒಳಗ ಗ್ಯಾಸ್ ಬಂದದ, ಬಿಸಿನೀರು ಬಂದದ. ಕಾಗದ ತೋರ್ಸಿದ್ರ ಮುಗೀತು. ನಾಳೆನೇ ನೀ ಒಳಗ ಬರಬಹುದು. ಅವ್ವಾನೂ ಹ್ಞೂಂ ಅಂದಾಳ.”

ಮಥುರಾಬಾಯಿ ಪ್ರಯಾಣದ ದಣಿವಿಗೆ ಗೋಡೆಗೆ ಒರಗಿ ಕೂತಿದ್ದರು. ಒಂದು ಉಸಿರು ಪೂರ್ತಿ ತೆಗೆದುಕೊಂಡು, ಬಿಟ್ಟು, ಆಮೇಲೆ ಮಾತಾಡಿದರು.

“ಇವತ್ತು ಅನ್ನಾ ಸ್ವಲ್ಪ ಮೆತ್ತಗ ಮಾಡ್ರಿ. ನಿನ್ನಿದು ನುಂಗ್ಲಿಕ್ಕೆ ಆಗಲಿಲ್ಲ.”